ಟೇಪು, ದಾರ ಮತ್ತು ಲಿಸ್ಬನ್ ವಿಮಾನ

ಹುಬ್ಬಳ್ಳಿಯ ದಾಜಿಬಾನ ಪೇಟೆ ಹತ್ತಿರ ನನ್ನದೊಂದು ಹೊಲಿಗೆ ಅಂಗಡಿ. ಮಗಳಿರೋದು ಆಮ್‌ಸ್ಟರ್‌ಡ್ಯಾಮ್‌ನಲ್ಲಿ. ಅವಳ ಹತ್ತಿರ ಹೊರಟಾಗ, ಪೋರ್ಚುಗಲ್‌ನ ಲಿಸ್ಬನ್ನೂ ನೋಡಿ ಬರೋಣ ಅಂದಳು. ಆಮ್‌ಸ್ಟರ್‌ಡ್ಯಾಮ್‌ನಿಂದ ಲಿಸ್ಬನ್‌ಗೆ ಟಿಕೆಟ್ ನೋಡಿದರೆ ಹೋಗುವಾಗ 10ಕ್ಕೆ ಹತ್ತಿ 12ಕ್ಕೆ ಇಳಿಯೋದು, ಬರುವಾಗ 10ಕ್ಕೆ ಹತ್ತಿ 2ಕ್ಕೆ ಇಳಿಯೋದು. ಅದೇ ದಾರಿ, ಎರಡು ತಾಸು, ನಾಲ್ಕು ತಾಸು! "ಬರೋವಾಗ ಸುತ್ತಿ ಬರತೈತ್ರಿ" ಅಂದರು ಟಿಕೆಟ್ ಮಾಡಿಸಿಕೊಟ್ಟವರು. ನಂಬಿ, ನಾಲ್ಕು ತಾಸಿಗೆ ಅಂತ ಕಡಕ್ ರೊಟ್ಟಿ, ಶೇಂಗಾ ಚಟ್ನಿ ಬೇರೆ ಎತ್ತಿಟ್ಟೆ.

ಆಮೇಲೆ ಯಾಕೋ ಅನುಮಾನ ಬಂತು. ಮೊಮ್ಮಗನ ಗ್ಲೋಬ್ ಅಂಗಡಿಗೆ ತಂದೆ.

ಮೊದಲು ಗ್ಲೋಬಿನ ನಡು ಅಳೆಯಿರಿ, ಸೊಂಟದ ಅಳತೆ ತಗೊಂಡ ಹಾಗೆ. ನಮ್ಮದು 94 ಸೆಂ.ಮೀ. ಬಂತು. ಭೂಮಿಯ ಸುತ್ತಳತೆ ಸುಮಾರು 40,000 ಕಿ.ಮೀ. ಭಾಗಿಸಿದರೆ ಒಂದು ಸೆಂ.ಮೀ.ಗೆ 425 ಕಿ.ಮೀ. ಈಗ ಎರಡೂ ಊರಿನ ಮೇಲೆ ಬೆರಳಿಟ್ಟು ದಾರ ಬಿಗಿಯಾಗಿ ಎಳೆಯಿರಿ. ದಾರ ಸಡಿಲ ಬಿಟ್ಟರೆ ರವಿಕೆಯಷ್ಟೇ ಅಲ್ಲ, ಲೆಕ್ಕವೂ ಕೆಡುತ್ತದೆ. ನನಗೆ 4.4 ಸೆಂ.ಮೀ. ಬಂತು, ಅಂದರೆ 1,870 ಕಿ.ಮೀ. ನಿಜವಾದ ನೇರ ದೂರ ಸುಮಾರು 1,865. ಸಾಕಲ್ವಾ? ರಸ್ತೆಯಲ್ಲಿ ಹೋದರೆ 2,200 ದಾಟುತ್ತದೆ, ಅದನ್ನು ಹಿಡಿಯಬೇಡಿ.

ವಿಮಾನ ತಾಸಿಗೆ ಸುಮಾರು 800 ಕಿ.ಮೀ. ಹೋಗುತ್ತದೆ ಅಂತ ಹಿಡಿದು ದೂರವನ್ನು 800ರಿಂದ ಭಾಗಿಸಿ, ಏರೋದು ಇಳಿಯೋದು ರನ್‌ವೇ ಮೇಲೆ ಉರುಳೋದಕ್ಕೆ 40 ನಿಮಿಷ ಸೇರಿಸಿ. 2 ತಾಸು 20 ನಿಮಿಷಕ್ಕೆ 40 ಕೂಡಿಸಿದರೆ ಮೂರು ತಾಸು. ಹೋಗೋದಕ್ಕೂ ಅಷ್ಟೇ, ಬರೋದಕ್ಕೂ ಹೆಚ್ಚುಕಡಿಮೆ ಅಷ್ಟೇ. ಪಶ್ಚಿಮದ ಗಾಳಿ ಬೆನ್ನಿಗಿದ್ದರೆ ಬರುವಾಗ ಚೂರು ಬೇಗವೇ ಆಗಬಹುದು!

ಸುತ್ತಿ ಬರೋದು ವಿಮಾನ ಅಲ್ಲ, ಗಡಿಯಾರ. ಲಿಸ್ಬನ್ ಗಡಿಯಾರ ಆಮ್‌ಸ್ಟರ್‌ಡ್ಯಾಮ್‌ಗಿಂತ ಒಂದು ತಾಸು ಹಿಂದೆ. ಟಿಕೆಟ್‌ನಲ್ಲಿ ಆಯಾ ಊರಿನ ಟೈಮೇ ಇರುತ್ತದೆ. ಎರಡನ್ನೂ ಒಂದೇ ಊರಿನ ಗಡಿಯಾರಕ್ಕೆ ತಂದು ಕಳೆಯಿರಿ. ಪ್ಯಾರಿಸ್, ಬರ್ಲಿನ್, ರೋಮ್, ಮ್ಯಾಡ್ರಿಡ್‌ಗೆಲ್ಲ ಆಮ್‌ಸ್ಟರ್‌ಡ್ಯಾಮ್ ಟೈಮೇ. ಲಂಡನ್ ಲಿಸ್ಬನ್ ಜೊತೆ. ಅಥೆನ್ಸ್ ಒಂದು ತಾಸು ಮುಂದೆ. ಮಾರ್ಚ್ ಕೊನೆಯ ಭಾನುವಾರ ಬೇಸಿಗೆಗೆ ಅಂತ ಈ ಊರುಗಳ ಗಡಿಯಾರಗಳೆಲ್ಲ ಒಟ್ಟಿಗೇ ಒಂದು ತಾಸು ಮುಂದಕ್ಕೆ ಹೋಗುತ್ತವೆ, ಹಾಗಾಗಿ ಅವುಗಳ ನಡುವಿನ ವ್ಯತ್ಯಾಸ ಹಾಗೇ ಇರುತ್ತದೆ.

ಹತ್ತಿರದ ಊರುಗಳಿಗೆ ಈ ಲೆಕ್ಕ ಸ್ವಲ್ಪ ಕಡಿಮೆ ತೋರಿಸುತ್ತದೆ. ಲಂಡನ್-ಪ್ಯಾರಿಸ್ ನೇರ ದೂರ 344 ಕಿ.ಮೀ., ನಮ್ಮ ಹುಬ್ಬಳ್ಳಿ-ಬೆಂಗಳೂರಿಗಿಂತಲೂ ಕಡಿಮೆ. ವಿಮಾನ ಪೂರ್ತಿ ವೇಗ ಹಿಡಿಯೋ ಹೊತ್ತಿಗೆ ಇಳಿಯೋ ಹೊತ್ತು. ಅಲ್ಲಿ ಸುಮ್ನೆ ರೈಲು ಹತ್ತಿ, ಎರಡೂಕಾಲು ತಾಸಿನ ಮೇಲೆ ಚೂರು, ಊರ ನಡುವಿನಿಂದ ಊರ ನಡುವಿಗೆ.

ಇನ್ನು ಟಿಕೆಟ್‌ನಲ್ಲಿ ವಿಮಾನ ನಿಲ್ದಾಣದ ಹೆಸರು ಓದಿ. ಪ್ಯಾರಿಸ್ ಅಂತ ಬರೆದಿದ್ದರೂ ಬೋವೆ ಅಂತಿದ್ದರೆ ಊರಿನಿಂದ ಸುಮಾರು 80 ಕಿ.ಮೀ. ಹುಬ್ಬಳ್ಳಿಗೆ ಅಂತ ಹೊರಟವರನ್ನು ಹಾವೇರಿಯಲ್ಲಿ ಇಳಿಸಿದ ಹಾಗೆ. ಅಲ್ಲಿಂದ ಊರಿಗೆ ಹೋಗೋ ಬಸ್ಸಿನ ಹೊತ್ತನ್ನೂ ಕೂಡಿಸಿಕೊಳ್ಳಿ.