ಕೊರಿಯನ್ ಉಪವಾಕ್ಯಗಳನ್ನು ಕನ್ನಡದ ಮೂಲಕ ಕಲಿತದ್ದು

ನಾನು ಕೊರಿಯನ್ ಕಲಿಯಲು ಇಟ್ಟುಕೊಂಡಿದ್ದ ವ್ಯಾಕರಣ ಪುಸ್ತಕ ಇಂಗ್ಲಿಷಿನಲ್ಲಿತ್ತು. ನಾಮಪದಕ್ಕೆ ಮೊದಲು ಬಂದು ಅದನ್ನು ವರ್ಣಿಸುವ ಉಪವಾಕ್ಯಗಳನ್ನು ವಿವರಿಸಲು ಅದು ಪದಗಳನ್ನು ಹಿಂದುಮುಂದು ಮಾಡುತ್ತಿತ್ತು. ಪ್ರತಿ ಉದಾಹರಣೆಯ ಕೆಳಗೆ ಕನ್ನಡದ ಸಾಲನ್ನು ಬರೆಯತೊಡಗಿದ ಮೇಲೆ ಆ ವಿವರಣೆಯ ಬಹುಪಾಲು ನನಗೆ ಬೇಕಾಗಲಿಲ್ಲ. ‘ಒಜೆ ಸಿಜಾಂಗೆಸೊ ಮನ್ನಾನ್ ಚಿಂಗುಗಾ ಜುನ್ ಛೇಗುಲ್ ಇಲ್ಕೊ ಇಸ್ಸೊಯೊ’ ಎಂಬುದನ್ನು ‘ನಿನ್ನೆ ಮಾರುಕಟ್ಟೆಯಲ್ಲಿ ಸಿಕ್ಕ ಗೆಳೆಯ ಕೊಟ್ಟ ಪುಸ್ತಕವನ್ನು ಓದುತ್ತಿದ್ದೇನೆ’ ಎಂದು ಬರೆದರೆ ಒಂದು ಪದವೂ ಜಾಗ ಬದಲಿಸುವುದಿಲ್ಲ. ‘ಎಸೊ’ ನಮ್ಮ ‘ಅಲ್ಲಿ’, ‘ಉಲ್’ ನಮ್ಮ ‘ಅನ್ನು’. ‘ಮನ್ನಾನ್’, ‘ಜುನ್’ ಎಂಬ ಕೃದಂತಗಳು (ಕ್ರಿಯಾಪದದಿಂದ ಹುಟ್ಟಿ ನಾಮಪದವನ್ನು ವರ್ಣಿಸುವ ರೂಪಗಳು) ‘ಸಿಕ್ಕ’, ‘ಕೊಟ್ಟ’ಗಳಂತೆಯೇ ನಾಮಪದಕ್ಕೆ ಸರಿಯಾಗಿ ಮೊದಲು ನಿಲ್ಲುತ್ತವೆ.

ಆದ್ದರಿಂದ ಪದಕ್ರಮಕ್ಕೆ ವ್ಯಯಿಸಬೇಕಾದ ಶ್ರಮವನ್ನೆಲ್ಲ ನಾನು ಪ್ರತ್ಯಯಗಳಿಗೆ ಕೊಟ್ಟೆ. ಕನ್ನಡದ ‘ಹೋಗುವ’ ವರ್ತಮಾನಕ್ಕೂ ಭವಿಷ್ಯಕ್ಕೂ ಸಲ್ಲುತ್ತದೆ. ಕೊರಿಯನ್ನಿನಲ್ಲಿ ಈಗ ಹೋಗುತ್ತಿರುವವನು ‘ಗಾನುನ್ ಸಾರಾಮ್’, ಮುಂದೆ ಹೋಗಲಿರುವವನು ‘ಗಾಲ್ ಸಾರಾಮ್’, ಆಗಲೇ ಹೋದವನು ‘ಗಾನ್ ಸಾರಾಮ್’. ಇನ್ನೊಂದು ತೊಡಕು ಕರ್ತೃಪದದ್ದು. ‘ನಾನು’ ಎನ್ನಲು ಮುಖ್ಯವಾಕ್ಯದಲ್ಲಿ ‘ನಾನುನ್’ ಎಂದು ಆರಂಭಿಸಬಹುದಾದರೂ, ‘ನಾನು ಕೊಂಡ ಪುಸ್ತಕ’ ಎಂಬಂತಹ ಉಪವಾಕ್ಯದೊಳಗೆ ‘ನೇಗಾ ಸಾನ್ ಛೇಕ್’ ಎಂದೇ ಹೇಳಬೇಕು. ನಮ್ಮ ಕಿವಿಗೆ ಎರಡೂ ಬರಿಯ ‘ನಾನು’ ಆದುದರಿಂದ ಇಲ್ಲಿ ಕನ್ನಡದ ನೆರವು ದೊರೆಯುವುದಿಲ್ಲ. ಮೇಲಿನ ಉದ್ದ ವಾಕ್ಯದಲ್ಲಿ ಓದುತ್ತಿರುವವರು ಯಾರೆಂದು ‘ಇಸ್ಸೊಯೊ’ ಹೇಳುವುದೂ ಇಲ್ಲ. ನಮ್ಮ ಕ್ರಿಯಾಪದ ಪುರುಷ, ಲಿಂಗ, ವಚನಗಳನ್ನು ಹೊತ್ತು ತರುವಂತೆ ಅದು ತರುವುದಿಲ್ಲ, ಸಂದರ್ಭದಿಂದಲೇ ತಿಳಿಯಬೇಕು.

ನನಗೆ ಹೆಚ್ಚು ಹಿಡಿಸಿದ್ದು ಪರೋಕ್ತಿ, ಅಂದರೆ ಇನ್ನೊಬ್ಬರು ಆಡಿದ ಮಾತನ್ನು ನಮ್ಮ ವಾಕ್ಯದೊಳಗೆ ತಿಳಿಸುವ ಬಗೆ. ‘ಬಿಗಾ ಒಂದಾಗೊ ಹೆಸ್ಸೊಯೊ’ ಎಂದರೆ ‘ಮಳೆ ಬರುತ್ತದೆ ಎಂದು ಹೇಳಿದರು’. ಕೊನೆಯ ‘ಗೊ’ ನಮ್ಮ ‘ಎಂದು’ ಇರುವ ಸ್ಥಾನದಲ್ಲೇ ಇದೆ. ಆದರೆ ಹೇಳಿದವರು ಆಡಿದ್ದು ‘ಬಿಗಾ ವಾಯೊ’ ಎಂಬ ವಿನಯದ ರೂಪವಾಗಿದ್ದರೂ, ಉಪವಾಕ್ಯದೊಳಗೆ ಆ ‘ಯೊ’ ಉಳಿಯದೆ ಕ್ರಿಯಾಪದ ಸರಳ ರೂಪಕ್ಕೆ ಇಳಿಯುತ್ತದೆ. ಪ್ರಶ್ನೆಯಾದರೆ ‘ನ್ಯಾಗೊ’, ಆಜ್ಞೆಯಾದರೆ ‘ರಾಗೊ’, ‘ಹೋಗೋಣ’ ಎಂಬಂತಹ ಕರೆಯಾದರೆ ‘ಜಾಗೊ’ ಬರುತ್ತದೆ. ನಮ್ಮ ‘ಎಂದು’ ಇದೆಲ್ಲಕ್ಕೂ ಒಂದೇ. ಹೀಗಾಗಿ ಪರೋಕ್ತಿಯನ್ನು ಅಭ್ಯಾಸ ಮಾಡುವಾಗ ಮೊದಲು ಮೂಲ ಮಾತು ಹೇಳಿಕೆಯೋ ಪ್ರಶ್ನೆಯೋ ಆಜ್ಞೆಯೋ ಎಂಬುದನ್ನು ಅಂಚಿನಲ್ಲಿ ಗುರುತು ಹಾಕಿಕೊಂಡು, ಆಮೇಲಷ್ಟೇ ವಾಕ್ಯ ಬರೆಯುತ್ತೇನೆ.