ಆ್ಯಪ್ ಯಾರದ್ದು ಅಂತ ನೋಡಿಕೊಳ್ಳಿ, ಗಿರಾಕಿಗಳ ನಂಬರ್ ಬರೆದಿಟ್ಟುಕೊಳ್ಳಿ

ಮಂಡ್ಯ ಹತ್ತಿರ ನಮ್ಮ ಚಿಕ್ಕಪ್ಪನ ಮಗನದು ಆಲೆಮನೆ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುವುದು, ನೊರೆ ತೆಗೆಯುವುದು, ಪಾಕ ಬಂದ ಮೇಲೆ ಅಚ್ಚಿಗೆ ಹುಯ್ಯುವುದು, ಎಲ್ಲ ವಿಡಿಯೊ ಮಾಡಿ ಒಂದು ಆ್ಯಪ್‌ಗೆ ಹಾಕುತ್ತಿದ್ದ. ಬೆಲ್ಲ ಬೇಕು ಅಂತ ಬೆಂಗಳೂರಿಂದ ಮೆಸೇಜ್ ಬರುತ್ತಿತ್ತು. 2020ರ ಜೂನ್ 15ಕ್ಕೆ ಗಲ್ವಾನ್‌ನಲ್ಲಿ ಭಾರತ, ಚೀನಾ ಸೈನಿಕರ ನಡುವೆ ಘರ್ಷಣೆ ಆಯಿತು. ಅದೇ ತಿಂಗಳು 29ಕ್ಕೆ ಕೇಂದ್ರ ಸರ್ಕಾರ ಚೀನಾದ 59 ಆ್ಯಪ್‌ಗಳನ್ನು ನಿಷೇಧಿಸಿತು. ಅವನ ಆ್ಯಪ್ ಕೂಡ ಆ ಪಟ್ಟಿಯಲ್ಲಿತ್ತು. ಗಿರಾಕಿಗಳ ನಂಬರೆಲ್ಲ ಆ ಮೆಸೇಜ್‌ಗಳ ಒಳಗೇ ಉಳಿದವು. ನಿಷೇಧ ಸರಿಯೋ ತಪ್ಪೋ ಅನ್ನುವುದು ಬೇರೆ ಮಾತು, ನಂಬರ್ ಹೋಗಿದ್ದು ಮಾತ್ರ ನಿಜ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಆ್ಯಪ್ ಯಾರದ್ದು ಅಂತ ನೋಡಿ. ಪ್ಲೇ ಸ್ಟೋರ್‌ನಲ್ಲಿ ಆ್ಯಪ್ ತೆರೆದರೆ ಹೆಸರಿನ ಕೆಳಗೇ ಕಂಪನಿ ಹೆಸರು ಇರುತ್ತದೆ, ಇನ್ನೂ ಕೆಳಗೆ ಹೋದರೆ ಪ್ರೈವೆಸಿ ಪಾಲಿಸಿ ಸಿಗುತ್ತದೆ. ಆದರೆ ಅಲ್ಲಿಗೇ ನಿಲ್ಲಬೇಡಿ. ಅಲ್ಲಿ ಒಂದು ಹೆಸರು, ಹಿಂದೆ ಇನ್ನೊಬ್ಬ ಯಜಮಾನ ಇರಬಹುದು. ಟಿಕ್‌ಟಾಕ್ ಹಿಂದೆ ಇದ್ದದ್ದು ಬೀಜಿಂಗ್‌ನಲ್ಲಿ 2012ರಲ್ಲಿ ಶುರುವಾದ ಬೈಟ್‌ಡ್ಯಾನ್ಸ್. ಇನ್‌ಸ್ಟಾಗ್ರಾಮ್, ವಾಟ್ಸಾಪ್ ಎರಡೂ ಅಮೆರಿಕದ ಮೆಟಾದವು. ಅಂದರೆ ಎರಡು ಆ್ಯಪ್ ಇಟ್ಟುಕೊಂಡಿದ್ದೀನಿ, ಒಂದು ಹೋದರೆ ಇನ್ನೊಂದಿದೆ ಅಂದುಕೊಂಡವರ ಎರಡೂ ಒಬ್ಬರ ಕೈಯಲ್ಲೇ ಇವೆ, ಅಲ್ವಾ?

ಯಜಮಾನ ಯಾವ ದೇಶದವನು ಅನ್ನುವುದು ಯಾಕೆ ಮುಖ್ಯ ಅಂತ ಅಮೆರಿಕದಲ್ಲಿ ಆಗಿದ್ದು ನೋಡಿದರೆ ಗೊತ್ತಾಗುತ್ತದೆ. ಟಿಕ್‌ಟಾಕನ್ನು ಬೈಟ್‌ಡ್ಯಾನ್ಸ್ ಮಾರಬೇಕು, ಇಲ್ಲದಿದ್ದರೆ ನಿಷೇಧ ಅಂತ 2024ರ ಏಪ್ರಿಲ್‌ನಲ್ಲಿ ಅಲ್ಲಿ ಕಾನೂನು ಬಂತು. 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಆ್ಯಪ್ ಕೆಲವು ಗಂಟೆ ನಿಂತೂ ಹೋಯಿತು. ಆಮೇಲೆ ಟ್ರಂಪ್ ಗಡುವು ಮುಂದೂಡುತ್ತಾ ಹೋದರು, ಒಪ್ಪಂದ ಆಗುವುದಾದರೆ ಚೀನಾ ಮೇಲಿನ ಸುಂಕ ಸ್ವಲ್ಪ ಇಳಿಸಬಹುದು ಅಂತಲೂ ಹೇಳಿದರು. ಚೀನಾ ಕೈಯಲ್ಲೂ ಒಂದು ಹಿಡಿತ ಇತ್ತು: ಯಾರಿಗೆ ಯಾವ ವಿಡಿಯೊ ತೋರಿಸಬೇಕು ಅಂತ ಆರಿಸುವ ತಂತ್ರಜ್ಞಾನವನ್ನು ಅದು 2020ರಲ್ಲೇ ರಫ್ತು ನಿಯಂತ್ರಣದ ಪಟ್ಟಿಗೆ ಸೇರಿಸಿತ್ತು, ಅದರ ಒಪ್ಪಿಗೆ ಇಲ್ಲದೆ ಮಾರುವಂತಿರಲಿಲ್ಲ. ಕೊನೆಗೆ 2025ರ ಸೆಪ್ಟೆಂಬರ್‌ನಲ್ಲಿ ಮ್ಯಾಡ್ರಿಡ್‌ನಲ್ಲಿ ನಡೆದ ಅಮೆರಿಕ, ಚೀನಾ ವ್ಯಾಪಾರ ಮಾತುಕತೆಯಲ್ಲಿ ಇದಕ್ಕೊಂದು ದಾರಿ ಸಿಕ್ಕಿತು. ದನದ ಜಾತ್ರೆಯಲ್ಲಿ ಟವೆಲ್ ಕೆಳಗೆ ಬೆರಳು ಹಿಡಿದು ರೇಟು ಮಾತಾಡುತ್ತಾರಲ್ಲ, ಹಾಗೆ. ಆ್ಯಪ್ ನಂಬಿ ವ್ಯಾಪಾರ ಮಾಡುವವರಿಗೆ ಟವೆಲ್ ಕೆಳಗೆ ಏನಾಗುತ್ತಿದೆ ಅಂತ ಕಾಣುವುದಿಲ್ಲ.

ಈಗ ಮಾಡಬೇಕಾದ ಕೆಲಸ. ಇನ್‌ಸ್ಟಾಗ್ರಾಮ್‌ನಲ್ಲಿ ಸೆಟ್ಟಿಂಗ್ಸ್, ಅಕೌಂಟ್ಸ್ ಸೆಂಟರ್‌ಗೆ ಹೋಗಿ, ನಿಮ್ಮ ಮಾಹಿತಿಯನ್ನು ಇಳಿಸಿಕೊಳ್ಳುವ ಆಯ್ಕೆ ಒತ್ತಿ. ಫೋಟೊ, ವಿಡಿಯೊ ಗುಣಮಟ್ಟ ಕೇಳುವ ಕಡೆ ಹೆಚ್ಚಿನದನ್ನೇ ಆರಿಸಿ, ಇಲ್ಲದಿದ್ದರೆ ವಿಡಿಯೊ ಮಸುಕಾಗಿ ಬರುತ್ತದೆ. ಯೂಟ್ಯೂಬ್‌ದಾದರೆ ಹೀಗೆ ಇಳಿಸಿಕೊಳ್ಳಲು ಗೂಗಲ್ ಟೇಕ್‌ಔಟ್ ಅನ್ನುವ ಸೌಲಭ್ಯ ಇದೆ. ಫೈಲು ಬಂದ ಕೂಡಲೇ ಪೆನ್‌ಡ್ರೈವ್‌ಗೆ ಹಾಕಿ, ಸುಮ್ನೆ ಫೋನಿನಲ್ಲೇ ಬಿಡಬೇಡಿ. ಇನ್ನು ಮುಂದೆ ಆ್ಯಪ್ ಒಳಗೇ ವಿಡಿಯೊ ತೆಗೆಯುವುದನ್ನೂ ಬಿಡಿ, ಫೋನಿನ ಕ್ಯಾಮೆರಾದಲ್ಲಿ ತೆಗೆದು ಆಮೇಲೆ ಹಾಕಿದರೆ ಮೂಲ ನಿಮ್ಮ ಹತ್ತಿರವೇ ಇರುತ್ತದೆ.

ಎಲ್ಲಕ್ಕಿಂತ ಜಾಸ್ತಿ ಬೇಕಾದ್ದು ನಂಬರ್. ಆರ್ಡರ್ ಬಂದ ದಿನವೇ ಹೆಸರು, ಊರು, ಫೋನ್, ಎಷ್ಟು ಕೆಜಿ, ಅಚ್ಚೋ ಉಂಡೆಯೋ ಅಂತ ಬರೆದುಬಿಡಿ. ನಾಳೆ ಬರೆಯೋಣ ಅಂದರೆ ಆಗುವುದಿಲ್ಲ. ನಮ್ಮ ಚಿಕ್ಕಪ್ಪನ ಮಗ ಈಗ ಹಾಗೇ ಮಾಡುತ್ತಾನೆ. ತಕ್ಕಡಿ ಪಕ್ಕದ ಮೊಳೆಗೆ ದಾರ ಕಟ್ಟಿದ ಉದ್ದನೆ ಪುಸ್ತಕ ನೇತುಹಾಕಿದ್ದಾನೆ, ಅಂಚೆಲ್ಲ ಬೆಲ್ಲ ಮೆತ್ತಿ ಹಾಳೆ ಅಂಟಿಕೊಂಡಿರುತ್ತವೆ. ಹೋದ ಸಂಕ್ರಾಂತಿಗೆ ಅದರಲ್ಲಿದ್ದ ಒಬ್ಬೊಬ್ಬರಿಗೂ ಅವನೇ ಫೋನ್ ಮಾಡಿ, ಹೊಸ ಬೆಲ್ಲ ಬಂದಿದೆ ಅಂತ ಹೇಳಿದ.