ಥರ್ಮಾಕೋಲಿನಿಂದ ಎದ್ದ ನನ್ನ ಚಪಲ್

ಥರ್ಮಾಕೋಲ್ ಮೇಲೆ ರೆಸಿನ್ (ಸುರಿದ ಮೇಲೆ ಗಟ್ಟಿಯಾಗೋ ಅಂಟು ದ್ರವ) ನಿಲ್ಲೋದಿಲ್ಲ ಅಂತ ಮಾದರಿ ದೋಣಿ ಕಟ್ಟೋ ನಮ್ಮ ಗುಂಪಿನಲ್ಲಿ ಹೇಳದವರೇ ಇರಲಿಲ್ಲ. ನಿಂತಿದೆ. ಮೊನ್ನೆ ಶಿರಸಿ ಕಡೆ ಹೆಂಡತಿ ಮನೆಯ ಕೃಷಿ ಹೊಂಡದಲ್ಲಿ ನನ್ನ ಮಾದರಿ ಯುದ್ಧದೋಣಿ ಐಎನ್‌ಎಸ್ ಚಪಲ್ ಇಪ್ಪತ್ತು ನಿಮಿಷ ಓಡಿತು, ಒಂದು ಹನಿ ನೀರೂ ಒಳಗೆ ಬರಲಿಲ್ಲ. ಸರಿ, ಎರಡು ಚಮಚ ಬಂತು. ಅದು ಶಾಫ್ಟ್ ಟ್ಯೂಬಿನ (ಪ್ರೊಪೆಲ್ಲರ್ ಸರಳು ಹೊರಗೆ ಹೋಗೋ ಕೊಳವೆ) ಕಡೆಯಿಂದ, ರೆಸಿನ್ನಿಗೂ ಅದಕ್ಕೂ ಸಂಬಂಧ ಇಲ್ಲ.

ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ನಿಂತಿರೋ ದೋಣಿಯದೇ ಮಾದರಿ ಇದು. ನಿಜದ್ದು ಸೋವಿಯತ್ ಕಟ್ಟಿದ ಒಸಾ-2 ವರ್ಗದ ಕ್ಷಿಪಣಿ ದೋಣಿ, 1976ರಲ್ಲಿ ನೌಕಾಪಡೆಗೆ ಬಂತು, 2005ರಲ್ಲಿ ನಿವೃತ್ತಿ, ಆಮೇಲೆ ಮ್ಯೂಸಿಯಂ. 1971ರಲ್ಲಿ ಕರಾಚಿಗೆ ಹೊಡೆದದ್ದು ಇದೇ ಅಂತ ನೋಡಲು ಬಂದವರು ಹೇಳ್ತಾ ಇರ್ತಾರೆ. ಹೇಗಾಗುತ್ತೆ, ಆಗ ಇದು ಇರಲೇ ಇಲ್ವಲ್ಲ! ಹೊಡೆದದ್ದು ಇದರ ಅಕ್ಕಂದಿರು: ನಿಪಾತ್, ನಿರ್ಘಾತ್, ವೀರ್. ಅವು ಒಸಾ-1. ಅವುಗಳ ಕ್ಷಿಪಣಿ ಗೂಡು ಪೆಟ್ಟಿಗೆ ಥರ, ಚಪಲ್‌ದು ದುಂಡು ಕೊಳವೆ. ನಾನು ಮೊದಲು ತಪ್ಪು ಡ್ರಾಯಿಂಗ್ ಇಟ್ಟುಕೊಂಡು ನಾಲ್ಕು ಪೆಟ್ಟಿಗೆ ಮಾಡಿ, ಬಣ್ಣವನ್ನೂ ಬಳಿದು, ಕಿತ್ತು ಬಿಸಾಕಿದೆ.

1:50 ಅಳತೆ. ನಿಜದ್ದು 38.6 ಮೀಟರ್, ನನ್ನದು 77 ಸೆಂಟಿಮೀಟರ್. ಥರ್ಮಾಕೋಲ್ ಕೆತ್ತಿ ಮಾಡಿದ ಮೊದಲ ದೋಣಿ ಒಡಲಿಗೆ ಪಾಲಿಯೆಸ್ಟರ್ ರೆಸಿನ್ ಸುರಿದೆ, ಕಣ್ಣೆದುರೇ ಥರ್ಮಾಕೋಲ್ ಬಿಸಿ ದೋಸೆ ಮೇಲಿನ ಬೆಣ್ಣೆ ಹಾಗೆ ಕರಗಿ ಕೂತಿತು. ಎರಡು ಸಾವಿರ ಹೋಯ್ತು. ಥರ್ಮಾಕೋಲ್ ಕರಗಿಸದ ಎಪಾಕ್ಸಿ ರೆಸಿನ್ ಹಾಕು ಅಂದರು ಗುಂಪಿನವರು, ಆದರೆ ಅದರ ರೇಟು ನೋಡಿದ್ದೀರಲ್ವಾ? ಎರಡನೇ ಸಲ ಹಳೇ ಪೇಪರ್ ಚೂರುಗಳನ್ನು ಫೆವಿಕಾಲ್‌ನಲ್ಲಿ ಅದ್ದಿ ಮೂರು ಪದರ ಅಂಟಿಸಿ, ನಾಲ್ಕು ದಿನ ಒಣಗಿಸಿ, ಅದರ ಮೇಲೆ ಗ್ಲಾಸ್ ಮ್ಯಾಟ್ (ಗಾಜಿನ ನಾರಿನ ಹಾಳೆ), ಅದೇ ಅಗ್ಗದ ರೆಸಿನ್. ಫೆವಿಕಾಲ್‌ಗೆ ಇನ್ನೊಂದು ಪುಡಿ ಬೆರೆಸುತ್ತೇನೆ, ಅದೇನು ಅಂತ ಸದ್ಯಕ್ಕೆ ಹೇಳಲ್ಲ. ಗಟ್ಟಿಯಾದ ಮೇಲೆ ಅಂಗಳಕ್ಕೆ ತಂದು ಒಳಗೆ ಥಿನ್ನರ್ ಬಿಟ್ಟೆ. ಮೊದಲ ಒಡಲನ್ನು ಕೆಡಿಸಿದ ಅದೇ ಕರಗೋ ಗುಣ ಈಗ ನನ್ನ ಕೆಲಸ ಮಾಡಿತು, ಒಳಗಿನ ಥರ್ಮಾಕೋಲ್ ಕರಗಿ ಮೋಟರ್ ಕೂರಿಸಲು ಜಾಗ ಆಯ್ತು. ಉಳಿದ ಅಂಟು ಕೆರೆಯಲು ಹಳೇ ಚಮಚ ಸಾಕು. ಮನೆಯ ಚಮಚ ಬೇಡ, ನಾನು ಬೈಸಿಕೊಂಡಿದ್ದೇನೆ.

ಆಮೇಲೆ ತೂಕದ ಗೋಳು. ನಿಜದ್ದು ತುಂಬಿದಾಗ ಸುಮಾರು 240 ಟನ್, ಉದ್ದ, ಅಗಲ, ಎತ್ತರ ಮೂರೂ ಐವತ್ತರಲ್ಲೊಂದು ಪಾಲು ಆಗೋದರಿಂದ ನನ್ನದು 1.9 ಕೆಜಿ ಇರಬೇಕು. ತಕ್ಕಡಿಗಿಟ್ಟರೆ 2.4! ಕ್ಷಿಪಣಿ ಕೊಳವೆಗೆ 32 ಎಂಎಂ ಪಿವಿಸಿ ಪೈಪ್ ಹಾಕಿದ್ದೆ, ತಿರುವಲ್ಲಿ ಪೂರ್ತಿ ಪಕ್ಕಕ್ಕೆ ವಾಲಿತು. ಭಾವಮೈದ ದಂಡೆಯಲ್ಲಿ ಕೂತು "ಭಾವ, ಇದು ಜಲಾಂತರ್ಗಾಮಿಯೋ?" ಅಂದ. ಚಾರ್ಟ್ ಪೇಪರ್ ಸುತ್ತಿ ಕೊಳವೆ ಮಾಡಿದೆ, ಬ್ಯಾಟರಿ ಚಿಕ್ಕದು ಮಾಡಿದೆ, ಎರಡು ಕೆಜಿ ಹತ್ತಿರಕ್ಕೆ ಬಂತು. ಮುಂದೆ ಹಿಂದೆ ಇರೋ ಮೊಟ್ಟೆಯಾಕಾರದ ಎಕೆ-230 ಗನ್ನುಗಳಿಗೆ ರೋಲ್-ಆನ್ ಬಾಟಲಿಯ ಗುಂಡು ತೆಗೆದು ಉಜ್ಜಿದೆ, ಚೆನ್ನಾಗಿ ಕೂತಿತು.

ನಿಜದ್ದರಲ್ಲಿ ಮೂರು ಡೀಸೆಲ್ ಇಂಜಿನ್, ಒಂದೊಂದಕ್ಕೂ 56 ಸಿಲಿಂಡರ್, ನಕ್ಷತ್ರದ ಥರ ಜೋಡಿಸಿದ್ದು. ನಾನೂ ಹಠಕ್ಕೆ ಮೂರು ಮೋಟರ್ ಹಾಕಿದೆ. ಮಧ್ಯದ್ದು ಸುಮ್ನೆ ಕರೆಂಟ್ ತಿನ್ನುತ್ತೆ, ಈಗ ಅದರ ವೈರ್ ಕಿತ್ತಿಟ್ಟಿದ್ದೇನೆ, ಪ್ರೊಪೆಲ್ಲರ್ ನೋಡೋಕೆ ಮಾತ್ರ. ಹೊಗೆ ಬಿಡಿಸೋಕೆ ಅಗರಬತ್ತಿ, ಸಣ್ಣ ಫ್ಯಾನ್ ಇಟ್ಟು ನೋಡಿದೆ, ಡೆಕ್ ಸುಟ್ಟು ಒಂದು ತೂತು ಬಿತ್ತು.

ದೋಣಿ ಓಡಿಸೋ ರೇಡಿಯೋ ರಿಮೋಟ್ ನನ್ನ ಹತ್ತಿರ ಇತ್ತು. ಅದು ಬಿಟ್ಟು 14,000 ಆಗಿರಬಹುದು, ಮನೆಯಲ್ಲಿ ಹೇಳಿದ್ದು 6,000. ಭಾವಮೈದ ಈಗ ಹೊಂಡದ ನೀರನ್ನು ತೋಟಕ್ಕೆ ಬಿಡೋ ಮೊದಲು ನನಗೊಂದು ಫೋನ್ ಮಾಡುತ್ತಾನೆ.